ಬೆಳಗಾವಿ ಪ್ರದೇಶದಲ್ಲಿ ಡೇಲಿಯಾ ಬೇಸಾಯ

ಡೇಲಿಯಾ ಆಸ್ಟರೇಸೀ (ಸೂರ್ಯಕಾಂತಿ) ಕುಟುಂಬಕ್ಕೆ ಸೇರಿದ, ಬೇರುಗೆಡ್ಡೆಯಿಂದ ಪ್ರತಿವರ್ಷ ಮರಳಿ ಚಿಗುರುವ ಬಹುವಾರ್ಷಿಕ ಹೂಗಿಡ. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಎತ್ತರದ ಪ್ರದೇಶಗಳು ಇದರ ತವರು. ಕರ್ನಾಟಕದ ಮಲೆನಾಡಿನಲ್ಲಿ ಇದು ಡೇರೆ ಅಥವಾ ಡೇರೆ ಹೂವು ಎಂಬ ಹೆಸರಿನಿಂದ ಪರಿಚಿತವಾಗಿದ್ದು, ಶಿರಸಿ, ಸಾಗರ ಮುಂತಾದ ಕಡೆಗಳ ಮನೆಯಂಗಳದಲ್ಲಿ ಮಳೆಗಾಲದ ಮುಖ್ಯ ಹೂವಾಗಿದೆ. ಬಯಲುಸೀಮೆಯಲ್ಲಿ ಇದನ್ನು ಚಳಿಗಾಲದ ಹೂವಾಗಿ ಬೆಳೆಸುತ್ತಾರೆ. ಪಶ್ಚಿಮ ಘಟ್ಟದ ಮಗ್ಗುಲಲ್ಲಿರುವ ಖಾನಾಪುರ ತಾಲ್ಲೂಕು ಮತ್ತು ಬಯಲಿನ ಅಂಚಿನಲ್ಲಿರುವ ಬೆಳಗಾವಿ ನಗರ ಈ ಎರಡು ಪದ್ಧತಿಗಳು ಸಂಧಿಸುವ ಪ್ರದೇಶದಲ್ಲಿವೆ. ಆದ್ದರಿಂದ ಇಲ್ಲಿ ಡೇಲಿಯಾವನ್ನು ಎರಡೂ ಕಾಲಗಳಲ್ಲಿ ಬೆಳೆಯಬಹುದು. ಆದರೆ ನಾಟಿಯ ಕಾಲ, ಮಣ್ಣಿನ ಸಿದ್ಧತೆ ಮತ್ತು ಗೆಡ್ಡೆಯ ಸಂಗ್ರಹಣೆಯ ವಿಧಾನಗಳನ್ನು ಮಳೆಯ ಪ್ರಮಾಣವೇ ನಿರ್ಧರಿಸುತ್ತದೆ.

## ಹೆಸರು ಮತ್ತು ಇತಿಹಾಸ

ಮೆಕ್ಸಿಕೋದ ನಾವಾಟ್ಲ್ ಭಾಷೆಯಲ್ಲಿ ಈ ಸಸ್ಯಕ್ಕೆ ಅಕೊಕೊಟ್ಲಿ ಎಂಬ ಹೆಸರಿತ್ತು. ನೀರು ಮತ್ತು ಟೊಳ್ಳು ಕಾಂಡಗಳನ್ನು ಸೂಚಿಸುವ ಪದವೆಂದು ಇದನ್ನು ಅರ್ಥೈಸಲಾಗಿದೆ. 18ನೆಯ ಶತಮಾನದ ಕೊನೆಯಲ್ಲಿ ಮೆಕ್ಸಿಕೋದ ಸಸ್ಯೋದ್ಯಾನದಿಂದ ಸ್ಪೇನಿನ ಮ್ಯಾಡ್ರಿಡ್ ನಗರದ ರಾಜ ಸಸ್ಯೋದ್ಯಾನಕ್ಕೆ ಇದು ತಲುಪಿತು. ಅಲ್ಲಿ ಇದನ್ನು ಬೆಳೆಸಿ ಅಧ್ಯಯನ ಮಾಡಿದ ಸಸ್ಯವಿಜ್ಞಾನಿ ಆಂಟೋನಿಯೋ ಹೋಸೆ ಕಾವನೀಯೆಸ್, 1791ರಲ್ಲಿ ಡೇಲಿಯಾ ಎಂದು ನಾಮಕರಣ ಮಾಡಿದರು. ಇದು ಲಿನೇಯಸ್‌ನ ಶಿಷ್ಯರಾಗಿದ್ದು 1789ರಲ್ಲಿ ನಿಧನರಾದ ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ಅವರ ಸ್ಮರಣಾರ್ಥ ಇಟ್ಟ ಹೆಸರು. 19ನೆಯ ಶತಮಾನದಲ್ಲಿ ಯುರೋಪಿನ ತೋಟಗಾರರು ಇದರ ಸಾವಿರಾರು ತಳಿಗಳನ್ನು ರೂಪಿಸಿದರು. 1963ರಲ್ಲಿ ಮೆಕ್ಸಿಕೋ ಡೇಲಿಯಾವನ್ನು ತನ್ನ ರಾಷ್ಟ್ರೀಯ ಪುಷ್ಪವೆಂದು ಘೋಷಿಸಿತು.

ಭಾರತದಲ್ಲಿ ಡೇಲಿಯಾ ತಳಿ ಅಭಿವೃದ್ಧಿಗೆ ಶ್ರಮಿಸಿದವರಲ್ಲಿ ರಾಮಕೃಷ್ಣ ಸಂಘದ ಸಂನ್ಯಾಸಿ ಸ್ವಾಮಿ ವಿನಯಾನಂದರು ಪ್ರಮುಖರು. ಕರ್ನಾಟಕದಲ್ಲಿ ತಳಿಗಳ ಹರಡುವಿಕೆಗೆ ಸಸ್ಯಾಗಾರಗಳಷ್ಟೇ ಮನೆಯ ಹೆಂಗಸರೂ ಕಾರಣರು. ಮಲೆನಾಡಿನಲ್ಲಿ ಡೇರೆ ಗೆಡ್ಡೆಯನ್ನು ನೆಂಟರು, ನೆರೆಹೊರೆಯವರೊಡನೆ ವಿನಿಮಯ ಮಾಡಿಕೊಳ್ಳುವ ರೂಢಿ ಬಹುಕಾಲದಿಂದ ನಡೆದುಬಂದಿದೆ.

## ಸಸ್ಯ ಲಕ್ಷಣಗಳು

ಕಾಂಡವು ನೇರ ಹಾಗೂ ಟೊಳ್ಳು. ಎಲೆಗಳು ಗೆಣ್ಣಿನಲ್ಲಿ ಜೋಡಿಯಾಗಿ ಎದುರುಬದುರು ಮೂಡುತ್ತವೆ. ಕುಬ್ಜ ತಳಿಗಳು 30ರಿಂದ 60 ಸೆಂ.ಮೀ. ಎತ್ತರ ಬೆಳೆದರೆ, ದೊಡ್ಡ ಹೂವಿನ ತಳಿಗಳು 1ರಿಂದ 1.5 ಮೀಟರ್ ಅಥವಾ ಅದಕ್ಕೂ ಎತ್ತರ ಬೆಳೆಯುತ್ತವೆ. ಒಂದೇ ಹೂವಿನಂತೆ ಕಾಣುವುದು ವಾಸ್ತವವಾಗಿ ಅನೇಕ ಕಿರುಹೂಗಳು ಸೇರಿದ ಪುಷ್ಪಮಂಜರಿ. ಅಂಚಿನಲ್ಲಿ ಎಸಳಿನಂತೆ ಚಾಚಿದ ಕಿರುಹೂಗಳೂ ನಡುವೆ ಕೊಳವೆಯಾಕಾರದ ಕಿರುಹೂಗಳೂ ಇರುತ್ತವೆ. ಬಹುದಳ ತಳಿಗಳಲ್ಲಿ ಎಸಳಿನಂಥ ಕಿರುಹೂಗಳೇ ನಡುವಿನ ಭಾಗವನ್ನೂ ಮುಚ್ಚಿರುತ್ತವೆ.

ತೋಟದ ಡೇಲಿಯಾ ತಳಿಗಳಲ್ಲಿ ವರ್ಣತಂತುಗಳ ಎಂಟು ಗುಂಪುಗಳಿದ್ದು, ಒಟ್ಟು ಸಂಖ್ಯೆ 64. ಬಣ್ಣ ಮತ್ತು ಆಕಾರದ ಅಪಾರ ವೈವಿಧ್ಯಕ್ಕೆ ಇದು ಮುಖ್ಯ ಕಾರಣ. ಬಿಳಿ, ಹಳದಿ, ಕಿತ್ತಳೆ, ಕೆಂಪು, ಗುಲಾಬಿ, ನೇರಳೆ ಮತ್ತು ಕಪ್ಪಿಗೆ ಸಮೀಪವಾದ ಕಡುಗೆಂಪು ಬಣ್ಣಗಳಿವೆ. ಅಪ್ಪಟ ನೀಲಿ ಬಣ್ಣದ ಡೇಲಿಯಾ ಇಲ್ಲ. ಇದೇ ಕಾರಣದಿಂದ ಬೀಜದಿಂದ ಹುಟ್ಟಿದ ಸಸಿ ತಾಯಿಗಿಡವನ್ನು ಹೋಲುವುದಿಲ್ಲ. ಒಂದು ತಳಿಯನ್ನು ಯಥಾವತ್ತಾಗಿ ಉಳಿಸಿಕೊಳ್ಳಲು ಗೆಡ್ಡೆ ಅಥವಾ ಕಾಂಡದ ತುಂಡುಗಳೇ ಆಧಾರ. ಮನೆಯಲ್ಲಿರುವ ಒಂದೇ ಗೆಡ್ಡೆ ಕೊಳೆತರೆ ಆ ತಳಿಯೇ ಆ ಮನೆಯಿಂದ ಕಳೆದುಹೋಗುತ್ತದೆ.

ಡೇಲಿಯಾದ ಗೆಡ್ಡೆ ಆಲೂಗಡ್ಡೆಯಂಥ ಕಾಂಡಗೆಡ್ಡೆಯಲ್ಲ. ಆಹಾರ ಸಂಗ್ರಹಿಸಿ ದಪ್ಪವಾದ ಬೇರು. ಆಲೂಗಡ್ಡೆಯ ಮೈಮೇಲೆಲ್ಲ ಕಣ್ಣುಗಳಿರುತ್ತವೆ. ಡೇಲಿಯಾದಲ್ಲಿ ಕಣ್ಣುಗಳಿರುವುದು ಗೆಡ್ಡೆಗಳು ಹಳೆಯ ಕಾಂಡಕ್ಕೆ ಕೂಡಿಕೊಳ್ಳುವ ಬುಡದ ಭಾಗದಲ್ಲಿ ಮಾತ್ರ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟೇ ದಪ್ಪವಾಗಿದ್ದರೂ ಮೊಳಕೆಯೊಡೆಯುವುದಿಲ್ಲ.

## ಹೂವಿನ ವರ್ಗಗಳು

ಹೂವಿನ ರಚನೆಯನ್ನು ಆಧರಿಸಿ ಡೇಲಿಯಾ ತಳಿಗಳನ್ನು ಹಲವು ವರ್ಗಗಳಾಗಿ ವಿಂಗಡಿಸಲಾಗಿದೆ. ಮುಖ್ಯವಾದವು:

* ಒಂಟಿ ದಳದ ವರ್ಗ: ಹೊರಗೆ ಒಂದೇ ಸುತ್ತು ಎಸಳು, ನಡುವೆ ತೆರೆದ ಹಳದಿ ಬಟ್ಟಲು. ಜೇನುನೊಣ, ಚಿಟ್ಟೆಗಳು ಹೆಚ್ಚಾಗಿ ಬರುತ್ತವೆ.
* ಡೆಕೊರೇಟಿವ್: ಅಗಲವಾದ ಚಪ್ಪಟೆ ಎಸಳುಗಳ ಬಹುದಳ ಹೂವು. ಪ್ರದರ್ಶನಗಳ ದೊಡ್ಡ ಹೂಗಳು ಬಹುಪಾಲು ಈ ವರ್ಗದವು.
* ಕ್ಯಾಕ್ಟಸ್ ಮತ್ತು ಸೆಮಿ-ಕ್ಯಾಕ್ಟಸ್: ಅಂಚು ಹಿಂದಕ್ಕೆ ಸುರುಳಿಯಾಗಿ ಮುಳ್ಳಿನಂತೆ ಚೂಪಾದ ಎಸಳುಗಳು.
* ಬಾಲ್ ಮತ್ತು ಪಾಂಪಾನ್: ಚೆಂಡಿನಾಕಾರದ ಹೂಗಳು. ಪಾಂಪಾನ್ ಹೂವಿನ ವ್ಯಾಸ ಸುಮಾರು 5 ಸೆಂ.ಮೀ. ಮೀರುವುದಿಲ್ಲ.
* ಕಾಲರೆಟ್: ಹೊರ ಎಸಳಿಗೂ ನಡುವಿನ ಬಟ್ಟಲಿಗೂ ಮಧ್ಯೆ ಕಿರಿದಾದ ಎಸಳುಗಳ ಇನ್ನೊಂದು ಸುತ್ತು.

25 ಸೆಂ.ಮೀ.ಗಿಂತ ಅಗಲವಾದ ಹೂಗಳನ್ನು ದೈತ್ಯ ಗಾತ್ರದವೆಂದು ಪರಿಗಣಿಸುತ್ತಾರೆ. ಇಂಥ ಹೂವು ಮಳೆನೀರು ತುಂಬಿಕೊಂಡು ಭಾರವಾಗಿ ಬಾಗುತ್ತದೆ. ಆದ್ದರಿಂದ ಮಳೆಗಾಲದ ಬೆಳೆಗೆ ಚಿಕ್ಕ ಹೂವಿನ ಡೆಕೊರೇಟಿವ್, ಬಾಲ್, ಪಾಂಪಾನ್ ಮತ್ತು ಒಂಟಿ ದಳದ ತಳಿಗಳೂ, ಚಳಿಗಾಲದ ಬೆಳೆಗೆ ದೈತ್ಯ ತಳಿಗಳೂ ಹೆಚ್ಚು ಸೂಕ್ತ.

## ಹವಾಗುಣ ಮತ್ತು ಮಣ್ಣು

ಬೆಳಗಾವಿ ನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾನ್ಸೂನ್ ಮಳೆ ಸುರಿಯುತ್ತದೆ. ಜುಲೈ ಅತಿ ಹೆಚ್ಚು ಮಳೆಯ ತಿಂಗಳು. ನಗರದಿಂದ ನೈರುತ್ಯಕ್ಕೆ, ಉದ್ಯಮಬಾಗವನ್ನು ದಾಟಿ ಖಾನಾಪುರದ ಕಡೆಗೆ ಹೋದಂತೆ ಮಳೆ ಹೆಚ್ಚುತ್ತ ಹೋಗುತ್ತದೆ. ಮಲಪ್ರಭಾ ನದಿಯ ಉಗಮಸ್ಥಾನವಾದ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ವಾರ್ಷಿಕ ಮಳೆ 5,000 ಮಿ.ಮೀ. ದಾಟುವ ವರ್ಷಗಳುಂಟು. ಹೀಗಾಗಿ ಒಂದೇ ಗೆಡ್ಡೆಯ ಎರಡು ಹೋಳುಗಳನ್ನು ಒಂದೇ ದಿನ ಬೆಳಗಾವಿಯಲ್ಲೊಂದು, ಕಣಕುಂಬಿಯಲ್ಲೊಂದು ನೆಟ್ಟರೂ ಅವುಗಳ ಆರೈಕೆ ಒಂದೇ ಆಗಿರಲಾರದು.

ಶೀತ ದೇಶಗಳ ತೋಟಗಾರಿಕೆ ಪುಸ್ತಕಗಳು ಹಿಮ ಬೀಳುವ ಮುನ್ನ ಗೆಡ್ಡೆ ಕೀಳಬೇಕು, ಹಿಮ ಮುಗಿದ ಮೇಲೆ ನೆಡಬೇಕು ಎಂದು ಸೂಚಿಸುತ್ತವೆ. ಬೆಳಗಾವಿಯ ತೋಟಗಳಿಗೆ ಈ ಸೂಚನೆ ಅನ್ವಯಿಸುವುದಿಲ್ಲ. ಇಲ್ಲಿ ಗೆಡ್ಡೆಗೆ ಇರುವ ಅಪಾಯಗಳು ಎರಡು: ಮಳೆಗಾಲದಲ್ಲಿ ನಿಂತ ನೀರಿನಿಂದ ಕೊಳೆಯುವುದು ಮತ್ತು ಮಾರ್ಚ್‌ನಿಂದ ಮೇವರೆಗಿನ ಬಿಸಿಲಿಗೆ ಒಣಗಿ ಸುಕ್ಕಾಗುವುದು.

ಡೇಲಿಯಾಕ್ಕೆ ನೀರು ಬಸಿದುಹೋಗುವ, ಸಾವಯವ ಅಂಶವುಳ್ಳ, 6ರಿಂದ 7ರವರೆಗೆ ರಸಸಾರವಿರುವ ಮಣ್ಣು ಉತ್ತಮ. ಈ ಪ್ರದೇಶದ ಮಣ್ಣುಗಳಿಗೆ ತಕ್ಕಂತೆ ಸಿದ್ಧತೆ ಹೀಗಿರಬೇಕು:

* ಕೆಂಪು ಮತ್ತು ಜಂಬಿಟ್ಟಿಗೆ ಮಣ್ಣು: ನೀರು ಬೇಗ ಬಸಿಯುತ್ತದೆ, ಜೊತೆಗೆ ಪೋಷಕಾಂಶವೂ ತೊಳೆದುಹೋಗುತ್ತದೆ. ಮಣ್ಣು ಹುಳಿಯಾಗಿರುವ ಸಂಭವವಿದ್ದು, ಪರೀಕ್ಷೆಯ ಫಲಿತಾಂಶ ನೋಡಿ ಕೃಷಿ ಸುಣ್ಣ ಸೇರಿಸಬೇಕು. ಕೊಟ್ಟಿಗೆ ಗೊಬ್ಬರ ಹೆಚ್ಚು ಬೇಕು.
* ಕಪ್ಪು ಮಣ್ಣು: ಮಳೆಯಲ್ಲಿ ನೀರು ಹಿಡಿದಿಟ್ಟುಕೊಂಡು ಗೆಡ್ಡೆಯನ್ನು ಕೊಳೆಸುತ್ತದೆ. ಸುತ್ತಲಿನ ನೆಲಕ್ಕಿಂತ 20ರಿಂದ 30 ಸೆಂ.ಮೀ. ಎತ್ತರದ ಮಡಿ ಕಟ್ಟಿ, ಮರಳು ಮತ್ತು ಕಾಂಪೋಸ್ಟ್ ಬೆರೆಸಬೇಕು.
* ಗರಸು ತುಂಬಿದ ನಿವೇಶನ: ಹೊಸ ಬಡಾವಣೆ ಹಾಗೂ ಕೈಗಾರಿಕಾ ಪ್ರದೇಶಗಳಲ್ಲಿ ನೆಲವನ್ನು ಗರಸು, ಕಟ್ಟಡದ ಅವಶೇಷಗಳಿಂದ ಸಮತಟ್ಟು ಮಾಡಿದ್ದರೆ 45 ಸೆಂ.ಮೀ. ಆಳದ ಗುಂಡಿ ತೋಡಿ ಹೊಸ ಮಣ್ಣು ತುಂಬಬೇಕು, ಇಲ್ಲವೇ ಕುಂಡದಲ್ಲಿ ಬೆಳೆಸಬೇಕು.

ಉದ್ಯಮಬಾಗ ಎರಕದ ಕಾರ್ಖಾನೆ ಮತ್ತು ಯಂತ್ರಭಾಗಗಳ ಘಟಕಗಳಿರುವ ಕೈಗಾರಿಕಾ ಪ್ರದೇಶ. ಎರಕಕ್ಕೆ ಬಳಸಿ ಬಿಸುಟ ಮರಳಿನಲ್ಲಿ ರಾಳದಂಥ ಬಂಧಕಗಳು ಮತ್ತು ಲೋಹದ ಕಣಗಳು ಉಳಿದಿರುವ ಸಾಧ್ಯತೆಯಿದೆ. ಸುಲಭವಾಗಿ ಸಿಗುತ್ತದೆಂದು ಅದನ್ನು ಮಡಿಗೆ ಅಥವಾ ಕುಂಡಕ್ಕೆ ಬೆರೆಸುವುದು ಸರಿಯಲ್ಲ.

## ನಾಟಿಯ ಕಾಲ

ಬೆಳಗಾವಿ ಪ್ರದೇಶದಲ್ಲಿ ಎರಡು ಪದ್ಧತಿಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

| ಹಂತ | ಮಳೆಗಾಲದ ಪದ್ಧತಿ | ಚಳಿಗಾಲದ ಪದ್ಧತಿ |
|---|---|---|
| ನೆಡುವ ವಸ್ತು | ಮೊಳಕೆ ಬಂದ ಗೆಡ್ಡೆ | ಬೇರು ಬಿಟ್ಟ ಕಾಂಡದ ತುಂಡು, ಸಸಿ |
| ನಾಟಿ | ಮೇ ಮಧ್ಯದಿಂದ ಜೂನ್ ಆರಂಭ | ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ |
| ಹೂವು | ಆಗಸ್ಟ್‌ನಿಂದ ಅಕ್ಟೋಬರ್ | ಡಿಸೆಂಬರ್‌ನಿಂದ ಫೆಬ್ರುವರಿ |
| ಗಿಡ ಒಣಗುವುದು | ನವೆಂಬರ್–ಡಿಸೆಂಬರ್ | ಮಾರ್ಚ್ |
| ಮುಖ್ಯ ತೊಂದರೆ | ಕೊಳೆರೋಗ, ಬಸವನಹುಳು | ನುಸಿ, ಬೂದಿ ರೋಗ, ನೀರಿನ ಕೊರತೆ |

ಮಳೆಗಾಲದ ಪದ್ಧತಿ ಮಲೆನಾಡಿನ ರೂಢಿಗೆ ಅನುಗುಣವಾದದ್ದು. ಮೇ ತಿಂಗಳ ಅಡ್ಡಮಳೆಗೆ ಗೆಡ್ಡೆ ತಾನಾಗಿ ಕಣ್ಣು ಬಿಡುತ್ತದೆ. ಭಾರಿ ಮಳೆ ಆರಂಭವಾಗುವ ಮುನ್ನ ಗಿಡ ಬೇರೂರಿ ಒಂದು ಗೇಣು ಬೆಳೆದಿದ್ದರೆ ಮಳೆಯನ್ನು ತಾಳಿಕೊಳ್ಳಬಲ್ಲದು. ಜುಲೈನ ಜಡಿಮಳೆಯಲ್ಲಿ ನೆಟ್ಟ ಗೆಡ್ಡೆ ಕೊಳೆಯುವ ಸಂಭವ ಹೆಚ್ಚು. ಖಾನಾಪುರದ ಪಶ್ಚಿಮ ಭಾಗದಲ್ಲಿ ಮಾಡಿನ ಅಂಚಿನ ಒಳಗೆ, ಸೂರಿನ ನೀರು ಬೀಳದ ಕಡೆ ಕುಂಡಗಳನ್ನಿಡುವುದು ನೆಲದ ನಾಟಿಗಿಂತ ಸುರಕ್ಷಿತ.

ಚಳಿಗಾಲದ ಪದ್ಧತಿಯಲ್ಲಿ ಹೂವಿನ ಬಣ್ಣ ಗಾಢವಾಗಿಯೂ ಎಸಳು ಹಾನಿಯಿಲ್ಲದೆಯೂ ಇರುತ್ತದೆ. ಆದರೆ ಗೆಡ್ಡೆಯನ್ನು ಸೆಪ್ಟೆಂಬರ್‌ವರೆಗೆ ಸುಪ್ತಾವಸ್ಥೆಯಲ್ಲಿ ಇಡುವುದು ಕಷ್ಟ. ಜೂನ್‌ನ ತೇವದ ಗಾಳಿಗೇ ಅದು ಮೊಳೆಯುತ್ತದೆ. ಆದ್ದರಿಂದ ಮೊಳೆತ ಗೆಡ್ಡೆಯನ್ನು ಕುಂಡದಲ್ಲಿ ನೆಟ್ಟು ಮಳೆ ತಗುಲದ, ಬೆಳಕಿರುವ ಸ್ಥಳದಲ್ಲಿ ತಾಯಿಗಿಡವಾಗಿ ಬೆಳೆಸಿ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಅದರ ಕುಡಿಗಳನ್ನು ಕತ್ತರಿಸಿ ಬೇರು ಬರಿಸಲಾಗುತ್ತದೆ.

## ಸಸ್ಯಾಭಿವೃದ್ಧಿ

ಗೆಡ್ಡೆಯ ವಿಭಜನೆ. ಏಪ್ರಿಲ್ ಕೊನೆಯಲ್ಲಿ ಗೆಡ್ಡೆಯ ಗೊಂಚಲನ್ನು ತೇವದ ಮರಳಿನ ಮೇಲೆ ಒಂದೆರಡು ವಾರ ಇಟ್ಟರೆ ಕಣ್ಣುಗಳು ಉಬ್ಬಿ ಸ್ಪಷ್ಟವಾಗಿ ಕಾಣುತ್ತವೆ. ಹರಿತವಾದ, ಶುಚಿಯಾದ ಚಾಕುವಿನಿಂದ ಪ್ರತಿ ಹೋಳಿನಲ್ಲೂ ಒಂದು ಗೆಡ್ಡೆ, ಮುರಿಯದ ಕುತ್ತಿಗೆ ಮತ್ತು ಕನಿಷ್ಠ ಒಂದು ಕಣ್ಣು ಇರುವಂತೆ ಸೀಳಬೇಕು. ಕೊಯ್ದ ಭಾಗಕ್ಕೆ ಕಟ್ಟಿಗೆಯ ಬೂದಿ ಅಥವಾ ಗಂಧಕದ ಪುಡಿ ಹಚ್ಚಿ, ಒಂದೆರಡು ದಿನ ನೆರಳಿನಲ್ಲಿ ಒಣಗಿಸಿ ನೆಡಬೇಕು.

ಕಾಂಡದ ತುಂಡು. 7ರಿಂದ 10 ಸೆಂ.ಮೀ. ಉದ್ದದ ಎಳೆಯ ಕುಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ತೇವದ ಮರಳು ಅಥವಾ ತೆಂಗಿನ ನಾರಿನ ಪುಡಿಯಲ್ಲಿ ಊರಬೇಕು. ನೆರಳಿನಲ್ಲಿಟ್ಟರೆ ಸುಮಾರು 2ರಿಂದ 3 ವಾರಗಳಲ್ಲಿ ಬೇರು ಬರುತ್ತದೆ.

ಬೀಜ. ಕುಬ್ಜ ತಳಿಗಳ ಮಿಶ್ರ ಬಣ್ಣದ ಗಿಡಗಳನ್ನು ಬೀಜದಿಂದ ಬೆಳೆಸುವುದುಂಟು. ಬಣ್ಣ ಯಾವುದೆಂದು ಮೊದಲೇ ತಿಳಿಯುವುದಿಲ್ಲ. ಬೀಜದ ಗಿಡವೂ ಅದೇ ಹಂಗಾಮಿನಲ್ಲಿ ಹೂ ಬಿಟ್ಟು ಗೆಡ್ಡೆ ಕಟ್ಟುತ್ತದೆ. ಮೆಚ್ಚಿದ ಗಿಡದ ಗೆಡ್ಡೆಯನ್ನು ಉಳಿಸಿಕೊಂಡರೆ ಅದೊಂದು ಹೊಸ ತಳಿಯಾಗುತ್ತದೆ.

## ನಾಟಿ ಮತ್ತು ಕುಂಡದ ಬೇಸಾಯ

ದಿನಕ್ಕೆ ಕನಿಷ್ಠ 5ರಿಂದ 6 ಗಂಟೆ ಬಿಸಿಲು ಬೀಳುವ, ಬಲವಾದ ಗಾಳಿಯಿಂದ ಮರೆಯಾದ ಸ್ಥಳ ಆರಿಸಬೇಕು. ಎತ್ತರದ ತಳಿಗಳಿಗೆ ಗಿಡದಿಂದ ಗಿಡಕ್ಕೆ 60ರಿಂದ 90 ಸೆಂ.ಮೀ., ಕುಬ್ಜ ತಳಿಗಳಿಗೆ 30ರಿಂದ 45 ಸೆಂ.ಮೀ. ಅಂತರವಿರಲಿ. ಗೆಡ್ಡೆಯನ್ನು ಕಣ್ಣು ಮೇಲ್ಮುಖವಾಗಿರುವಂತೆ 10ರಿಂದ 15 ಸೆಂ.ಮೀ. ಆಳದಲ್ಲಿ ಅಡ್ಡಲಾಗಿ ಮಲಗಿಸಿ ನೆಡಬೇಕು. ಆಸರೆಯ ಕೋಲನ್ನು ನಾಟಿಗೆ ಮೊದಲೇ ಊರಬೇಕು. ಅನಂತರ ಊರಿದರೆ ಗೆಡ್ಡೆಗೆ ಚುಚ್ಚಿ ಗಾಯವಾಗುತ್ತದೆ. ಚಿಗುರು ಮಣ್ಣಿನ ಮೇಲೆ ಕಾಣುವವರೆಗೆ ಹೆಚ್ಚು ನೀರು ಹಾಕಬಾರದು, ಏಕೆಂದರೆ ಎಲೆಯಿಲ್ಲದ ಗೆಡ್ಡೆ ಬಳಸುವ ನೀರು ಅತ್ಯಲ್ಪ.

ಕುಂಡದಲ್ಲಿ ಬೆಳೆಸಲು ದೊಡ್ಡ ತಳಿಗಳಿಗೆ 30 ಸೆಂ.ಮೀ. ಅಥವಾ ಅದಕ್ಕಿಂತ ಅಗಲದ ಕುಂಡ ಬೇಕು. ಖಾನಾಪುರ ಹೆಂಚು ಮತ್ತು ಮಣ್ಣಿನ ಪಾತ್ರೆಗಳ ತಯಾರಿಕೆಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಸುಟ್ಟ ಮಣ್ಣಿನ ಕುಂಡದ ಗೋಡೆಯ ಮೂಲಕ ತೇವ ಆರುವುದರಿಂದ ಡೇಲಿಯಾಕ್ಕೆ ಅದು ಪ್ಲಾಸ್ಟಿಕ್ ಕುಂಡಕ್ಕಿಂತ ಮೇಲು. ಬೇಸಿಗೆಯಲ್ಲಿ ಮಾತ್ರ ಹೆಚ್ಚು ಸಲ ನೀರು ಬೇಕಾಗುತ್ತದೆ. ತಳದ ರಂಧ್ರದ ಮೇಲೆ ಹೆಂಚಿನ ಚೂರು ಬೋರಲು ಹಾಕಿ, ಎರಡು ಪಾಲು ಮಣ್ಣು, ಒಂದು ಪಾಲು ಕಾಂಪೋಸ್ಟ್ ಮತ್ತು ಒಂದು ಪಾಲು ಮರಳಿನ ಮಿಶ್ರಣ ತುಂಬಬೇಕು.

## ಆರೈಕೆ

ಕುಡಿ ಚಿವುಟುವುದು. ಗಿಡದಲ್ಲಿ 3ರಿಂದ 4 ಜೊತೆ ಎಲೆ ಬಂದಾಗ ತುದಿಯನ್ನು ಚಿವುಟಿದರೆ ಪಕ್ಕದ ಕವಲುಗಳು ಒಡೆದು ಹೂಗಳ ಸಂಖ್ಯೆ ಹೆಚ್ಚುತ್ತದೆ.

ಮೊಗ್ಗು ತೆಗೆಯುವುದು. ಪ್ರತಿ ಕವಲಿನ ತುದಿಯಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗುಗಳಿರುತ್ತವೆ. ದೊಡ್ಡ ಹೂವು ಬೇಕಾದರೆ ಪಕ್ಕದ ಎರಡನ್ನು ಬಟಾಣಿ ಗಾತ್ರದಲ್ಲಿರುವಾಗಲೇ ತೆಗೆದು ನಡುವಿನದನ್ನು ಮಾತ್ರ ಉಳಿಸಬೇಕು. ಅಂಗಳದ ಅಂದಕ್ಕಾಗಿ ಬೆಳೆಸುವವರಿಗೆ ಇದು ಅನಿವಾರ್ಯವಲ್ಲ.

ಗೊಬ್ಬರ. ನಾಟಿಯ ಸಮಯದಲ್ಲಿ ಕೊಳೆತ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಮತ್ತು ಎಲುಬಿನ ಪುಡಿ ಕೊಡಬೇಕು. ಸಾರಜನಕ ಅತಿಯಾದರೆ ಎಲೆ ಸೊಂಪಾಗಿ ಬೆಳೆದು ಹೂವು ಕಡಿಮೆಯಾಗುತ್ತದೆ; ಗೆಡ್ಡೆಯೂ ಮೆತ್ತಗಾಗಿ ಬಾಳಿಕೆ ಕಳೆದುಕೊಳ್ಳುತ್ತದೆ. ಮೊಗ್ಗು ಮೂಡಿದ ಮೇಲೆ ಪೊಟ್ಯಾಷ್ ಪ್ರಧಾನವಾದ ಗೊಬ್ಬರ ಸೂಕ್ತ.

ನೀರು. ಚಳಿಗಾಲದಲ್ಲಿ ವಾರಕ್ಕೆ ಎರಡು ಮೂರು ಸಲ ಬುಡಕ್ಕೆ ಆಳವಾಗಿ ನೀರುಣಿಸಬೇಕು. ಸಂಜೆ ಹೊತ್ತು ಎಲೆಗಳ ಮೇಲೆ ನೀರು ಬೀಳದಂತೆ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಬುಡಕ್ಕೆ ಮಣ್ಣು ಏರಿಸಿ, ಮಡಿಯ ಸುತ್ತ ಕಾಲುವೆ ತೆಗೆದು ನೀರು ಹೊರಹೋಗುವಂತೆ ಮಾಡಬೇಕು.

ಬಾಡಿದ ಹೂ ಕತ್ತರಿಸುವುದು. ಬಾಡಿದ ಹೂವನ್ನು ಬೀಜ ಕಟ್ಟಲು ಬಿಟ್ಟರೆ ಹೊಸ ಮೊಗ್ಗು ಕಡಿಮೆಯಾಗುತ್ತದೆ. ಎಸಳು ಉದುರಿದ ಹೂವು ಮೊಗ್ಗಿನಂತೆಯೇ ಕಾಣುವುದರಿಂದ ತಪ್ಪಿ ಮೊಗ್ಗನ್ನು ಕತ್ತರಿಸುವುದುಂಟು. ಹೊಸ ಮೊಗ್ಗು ದುಂಡಗೆ, ಗಟ್ಟಿಯಾಗಿರುತ್ತದೆ. ಬಾಡಿದ ಹೂವಿನ ತಲೆ ಶಂಕುವಿನಂತೆ ಚೂಪಾಗಿ, ಮೆತ್ತಗಿರುತ್ತದೆ.

## ಕೀಟ ಮತ್ತು ರೋಗಗಳು

* ಬಸವನಹುಳು ಮತ್ತು ಸಿಂಬಳದ ಹುಳು: ಮಳೆಗಾಲದ ರಾತ್ರಿಗಳಲ್ಲಿ ಎಳೆಯ ಚಿಗುರನ್ನು ತಿಂದುಹಾಕುತ್ತವೆ. ಕತ್ತಲಾದ ಮೇಲೆ ದೀಪ ಹಿಡಿದು ಆರಿಸಿ ತೆಗೆಯುವುದು ಪರಿಣಾಮಕಾರಿ. ಒದ್ದೆ ಗೋಣಿಚೀಲ ಹಾಸಿಟ್ಟರೆ ಬೆಳಗಾಗುವಾಗ ಅದರಡಿ ಸೇರಿರುತ್ತವೆ.
* ಸಸ್ಯಹೇನು ಮತ್ತು ಥ್ರಿಪ್ಸ್: ರಸ ಹೀರುವುದರ ಜೊತೆಗೆ ನಂಜುರೋಗಗಳನ್ನು ಹರಡುತ್ತವೆ. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನು ದ್ರಾವಣದೊಂದಿಗೆ ಬೆರೆಸಿ ಸಿಂಪಡಿಸಬಹುದು.
* ಕೆಂಪು ನುಸಿ: ಫೆಬ್ರುವರಿಯ ಒಣ ಹವೆಯಲ್ಲಿ ಹೆಚ್ಚುತ್ತದೆ. ಎಲೆಯ ಕೆಳಭಾಗಕ್ಕೆ ಬೆಳಗಿನ ಹೊತ್ತು ನೀರು ಚಿಮುಕಿಸಿದರೆ ಹತೋಟಿಗೆ ಬರುತ್ತದೆ.
* ಬೂದಿ ರೋಗ: ಎಲೆಗಳ ಮೇಲೆ ಬಿಳಿ ಪುಡಿಯಂತೆ ಹರಡುತ್ತದೆ. ಗಿಡಗಳ ನಡುವೆ ಗಾಳಿಯಾಡುವಂತೆ ಅಂತರವಿರಬೇಕು. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂ ಪ್ರಮಾಣದಲ್ಲಿ ಸಿಂಪಡಿಸಬಹುದು.
* ಬುಡ ಮತ್ತು ಗೆಡ್ಡೆ ಕೊಳೆ: ಮಣ್ಣು ತೇವವಾಗಿದ್ದರೂ ಗಿಡ ಬಾಡುವುದು ಮೊದಲ ಲಕ್ಷಣ. ಇದನ್ನು ನೀರಿನ ಕೊರತೆಯೆಂದು ಭಾವಿಸಿ ಮತ್ತೆ ನೀರು ಹಾಕುವುದರಿಂದ ಗೆಡ್ಡೆ ಪೂರ್ತಿ ಹಾಳಾಗುತ್ತದೆ. ಬಸಿಗಾಲುವೆ ಸರಿಪಡಿಸಿ, ತಾಮ್ರದ ಆಕ್ಸಿಕ್ಲೋರೈಡನ್ನು ಲೀಟರಿಗೆ 3 ಗ್ರಾಂನಂತೆ ಕರಗಿಸಿ ಬುಡಕ್ಕೆ ಸುರಿಯಬಹುದು. ಕೊಳೆತ ಗಿಡವನ್ನು ಮಣ್ಣಿನ ಸಮೇತ ತೆಗೆಯಬೇಕು.
* ಮೊಸಾಯಿಕ್ ನಂಜುರೋಗ: ಎಲೆಯ ನರಗಳ ಉದ್ದಕ್ಕೆ ತಿಳಿಹಳದಿ ಪಟ್ಟಿ, ಎಲೆ ಮುದುಡುವುದು, ಗಿಡ ಗಿಡ್ಡಾಗುವುದು ಇದರ ಲಕ್ಷಣಗಳು. ಇದಕ್ಕೆ ಔಷಧವಿಲ್ಲ. ರೋಗ ಗೆಡ್ಡೆಯಲ್ಲೂ ಉಳಿಯುತ್ತದೆ. ಅಂಥ ಗೆಡ್ಡೆಯನ್ನು ಬೇರೆಯವರಿಗೆ ಕೊಟ್ಟರೆ ರೋಗವೂ ಅವರ ತೋಟ ಸೇರುತ್ತದೆ. ಗಿಡವನ್ನು ಕಿತ್ತು ನಾಶಪಡಿಸುವುದೇ ದಾರಿ. ವಿನಿಮಯ ಮಾಡುವ ಗೆಡ್ಡೆಯ ಗಿಡವನ್ನು ಹಸಿರಾಗಿರುವಾಗಲೇ ನೋಡಿ ಗುರುತಿಟ್ಟುಕೊಳ್ಳುವುದು ಒಳ್ಳೆಯದು.

## ಹೂವಿನ ಕೊಯ್ಲು

ಡೇಲಿಯಾ ಮೊಗ್ಗು ಕತ್ತರಿಸಿದ ಮೇಲೆ ಅರಳುವುದಿಲ್ಲ. ಆದ್ದರಿಂದ ಬಹುಪಾಲು ಅರಳಿದ, ಹಿಂದಿನ ಎಸಳು ಇನ್ನೂ ಬಾಡದ ಹೂವನ್ನು ಬೆಳಗಿನ ಜಾವ ಕತ್ತರಿಸಿ ಕೂಡಲೇ ನೀರಿನಲ್ಲಿಡಬೇಕು. ನಿತ್ಯ ನೀರು ಬದಲಿಸಿದರೆ ಸುಮಾರು 4ರಿಂದ 6 ದಿನ ಹೂದಾನಿಯಲ್ಲಿ ಉಳಿಯುತ್ತದೆ. ಬೆಂಗಳೂರಿನ ಲಾಲ್‌ಬಾಗ್‌ನಂಥ ಫಲಪುಷ್ಪ ಪ್ರದರ್ಶನಗಳಲ್ಲಿ ಡೇಲಿಯಾವನ್ನು ಕತ್ತರಿಸಿದ ಹೂವಾಗಿಯೂ ಕುಂಡದ ಗಿಡವಾಗಿಯೂ ಇಡುತ್ತಾರೆ.

## ಗೆಡ್ಡೆ ಕೀಳುವುದು ಮತ್ತು ಸಂಗ್ರಹಣೆ

ಹಗಲಿನ ಅವಧಿ 12 ಗಂಟೆಗಿಂತ ಕಡಿಮೆಯಾದಾಗ ಡೇಲಿಯಾ ಗೆಡ್ಡೆ ಕಟ್ಟುವುದು ಚುರುಕಾಗುತ್ತದೆ. ಬೆಳಗಾವಿಯಲ್ಲಿ ಜೂನ್‌ನಲ್ಲಿ ಸುಮಾರು 13 ಗಂಟೆಯಷ್ಟಿರುವ ಹಗಲು ಡಿಸೆಂಬರ್‌ನಲ್ಲಿ ಸುಮಾರು 11 ಗಂಟೆಗೆ ಇಳಿಯುತ್ತದೆ. ಮಳೆಗಾಲದ ಹೂವು ಮುಗಿಯಿತೆಂದು ಅಕ್ಟೋಬರ್‌ನಲ್ಲೇ ಗಿಡವನ್ನು ಬುಡದವರೆಗೆ ಕತ್ತರಿಸಿದರೆ ಗೆಡ್ಡೆ ಬಲಿಯುವುದಿಲ್ಲ, ಬೇಸಿಗೆಯಲ್ಲಿ ಅದು ಸುಕ್ಕಾಗಿ ಸಾಯುತ್ತದೆ. ಎಲೆಗಳು ತಾವಾಗಿ ಹಳದಿಯಾಗುವವರೆಗೆ ಗಿಡವನ್ನು ಉಳಿಸಿ, ನೀರನ್ನು ಕ್ರಮೇಣ ಕಡಿಮೆ ಮಾಡಬೇಕು.

ಅನಂತರದ ಕ್ರಮಗಳು:

1. ಒಣಗಿದ ಕಾಂಡವನ್ನು ನೆಲದಿಂದ 10ರಿಂದ 15 ಸೆಂ.ಮೀ. ಎತ್ತರದಲ್ಲಿ ಕತ್ತರಿಸಿ, ಒಂದು ವಾರದ ಬಳಿಕ ಕೀಳಬೇಕು. ಈ ಅವಧಿಯಲ್ಲಿ ಮಳೆ ಬಂದರೆ ಟೊಳ್ಳು ಕಾಂಡದೊಳಗೆ ನೀರು ಇಳಿದು ಬುಡ ಕೊಳೆಯುತ್ತದೆ. ಕತ್ತರಿಸಿದ ತುದಿಯನ್ನು ಮುಚ್ಚಬೇಕು.
2. ಬುಡದಿಂದ 30 ಸೆಂ.ಮೀ. ದೂರದಲ್ಲಿ ಸುತ್ತಲೂ ಅಗೆದು ಗೊಂಚಲನ್ನು ಕೆಳಗಿನಿಂದ ಎತ್ತಬೇಕು. ಕಾಂಡ ಹಿಡಿದು ಎಳೆದರೆ ಗೆಡ್ಡೆಯ ಕುತ್ತಿಗೆ ಮುರಿಯುತ್ತದೆ.
3. ಕಾಂಡದ ನೀರು ಇಳಿಯುವಂತೆ ತಲೆಕೆಳಗಾಗಿ ಇಟ್ಟು ಕೆಲವು ದಿನ ನೆರಳಿನಲ್ಲಿ ಆರಿಸಬೇಕು.
4. ಗಾಯಗೊಂಡ, ಮೆತ್ತಗಾದ ಗೆಡ್ಡೆಗಳನ್ನು ಬೇರ್ಪಡಿಸಿ, ಪ್ರತಿ ಗೊಂಚಲಿಗೆ ತಳಿಯ ಹೆಸರು ಅಥವಾ ಹೂವಿನ ಬಣ್ಣ ಬರೆದ ಚೀಟಿ ಕಟ್ಟಬೇಕು.
5. ಮಣ್ಣಿನ ಕುಂಡದಲ್ಲಿ ಒಣ ಮರಳು ಅಥವಾ ತೆಂಗಿನ ನಾರಿನ ಪುಡಿಯ ನಡುವೆ ಪದರ ಪದರವಾಗಿ ಇಟ್ಟು ಮನೆಯ ತಂಪಾದ, ಗಾಳಿಯಾಡುವ ಮೂಲೆಯಲ್ಲಿಡಬೇಕು. ಗಾಳಿಯಾಡದ ಪ್ಲಾಸ್ಟಿಕ್ ಚೀಲ ತಕ್ಕುದಲ್ಲ.
6. 2ರಿಂದ 3 ವಾರಕ್ಕೊಮ್ಮೆ ಪರೀಕ್ಷಿಸಬೇಕು. ಸುಕ್ಕಾಗಿದ್ದರೆ ಮರಳಿನ ಮೇಲೆ ತುಸು ನೀರು ಚಿಮುಕಿಸಬೇಕು. ಕೊಳೆತಿದ್ದರೆ ಆ ಭಾಗವನ್ನು ಕೊಯ್ದು ಬೂದಿ ಹಚ್ಚಬೇಕು.

ಕುಂಡದಲ್ಲಿ ಬೆಳೆದ ಗೆಡ್ಡೆಯನ್ನು ಕೀಳದೆ ಕುಂಡವನ್ನೇ ನೆರಳಿನಲ್ಲಿ ಅಡ್ಡ ಮಲಗಿಸಿಡುವುದೂ ಸರಳ ಉಪಾಯ. ಅಪರೂಪದ ತಳಿಯಾದರೆ ಎಲ್ಲ ಗೆಡ್ಡೆಗಳನ್ನು ಒಂದೇ ಕಡೆ ಇಡದೆ ಒಂದು ಪಾಲನ್ನು ಬೇರೆ ಮನೆಯಲ್ಲಿ ಇರಿಸುವುದು ಸುರಕ್ಷಿತ. ಮಲೆನಾಡಿನ ಗೆಡ್ಡೆ ವಿನಿಮಯದ ರೂಢಿಯಿಂದ ಈ ಪ್ರಯೋಜನವೂ ಒದಗುತ್ತದೆ: ಒಬ್ಬರ ಅಂಗಳದಲ್ಲಿ ಕೊಳೆತ ತಳಿ ಇನ್ನೊಬ್ಬರ ಅಂಗಳದಿಂದ ಮರಳಿ ಸಿಗುತ್ತದೆ.

## ಇತರ ಉಪಯೋಗ ಮತ್ತು ಎಚ್ಚರಿಕೆ

ಗೆಡ್ಡೆಯಲ್ಲಿ ಪಿಷ್ಟದ ಬದಲು ಇನುಲಿನ್ ಎಂಬ ಶರ್ಕರ ಸಂಯುಕ್ತ ಸಂಗ್ರಹವಾಗಿರುತ್ತದೆ. ಮೆಕ್ಸಿಕೋದಲ್ಲಿ ಗೆಡ್ಡೆಯನ್ನು ಆಹಾರವಾಗಿ ಬಳಸಿದ್ದುಂಟು. ಆದರೆ ಸಸ್ಯಾಗಾರದಿಂದ ತಂದ ಗೆಡ್ಡೆಗಳಿಗೆ ಶಿಲೀಂಧ್ರನಾಶಕ ಲೇಪಿಸಿರುವ ಸಾಧ್ಯತೆಯಿರುವುದರಿಂದ ಅವುಗಳನ್ನು ತಿನ್ನಬಾರದು. ನಾಯಿ ಮತ್ತು ಬೆಕ್ಕುಗಳು ಈ ಗಿಡವನ್ನು ತಿಂದರೆ ಹೊಟ್ಟೆಯ ತೊಂದರೆ, ಚರ್ಮದ ಉರಿ ಕಾಣಿಸಿಕೊಳ್ಳಬಹುದು.

## ಇವನ್ನೂ ನೋಡಿ

* ಸೇವಂತಿಗೆ
* ಸೂರ್ಯಕಾಂತಿ
* ಖಾನಾಪುರ
* ಬೆಳಗಾವಿ
* ಪುಷ್ಪ ಕೃಷಿ